ಅವರೆಯ ಕುಡಿ ಯಾರನ್ನು ಹುಡುಕುತ್ತದೆ?

ಆಗಿನ್ನೂ ಲೋಕದ ಮಣ್ಣು ಹಸಿಹಸಿಯಾಗಿತ್ತು. ಎಲ್ಲಿ ಕೂರಬೇಕೆಂದು ಬೆಟ್ಟಗಳಿಗೆ ಗೊತ್ತಾಗಿರಲಿಲ್ಲ. ಹೊಳೆಗಳು ಸಿಕ್ಕಸಿಕ್ಕವರ ಹತ್ತಿರ ದಾರಿ ಕೇಳಿಕೊಂಡು ಹರಿಯುತ್ತಿದ್ದವು. ಗಾಳಿಗಂತೂ ಬೇರೆ ಕೆಲಸವೇ ಇರಲಿಲ್ಲ, ಇವರ ಸುದ್ದಿ ಅವರಿಗೆ, ಅವರ ಸುದ್ದಿ ಇವರಿಗೆ ಹೇಳಿಕೊಂಡು ತಿರುಗುತ್ತಿತ್ತು. ಆ ಚಾಳಿಯನ್ನು ಅದು ಇವತ್ತಿಗೂ ಬಿಟ್ಟಿಲ್ಲ.

ಆ ಕಾಲದಲ್ಲಿ ಪುಟ್ಟೀರಮ್ಮ ಎಂಬ ಹೆಂಗಸು ತನ್ನ ಮನೆಯ ಹಿಂದೆ ಒಂದು ಗೋಡೆ ಕಟ್ಟಿ, ಲೋಕದ ಮೊಟ್ಟಮೊದಲ ಹಿತ್ತಲು ಮಾಡಿದಳು. ಹಿತ್ತಲಿನಲ್ಲಿ ಒಂದೇ ಒಂದು ಪಾತಿ. ಆ ಪಾತಿಯೊಳಗೆ ಎರಡು ಬೀಜ ಬಿದ್ದವು. ಒಂದು ಹುಲ್ಲಿನದು, ಒಂದು ಅವರೆಯದು.

ಹುಲ್ಲು ಮೊದಲು ಕಣ್ಣು ಬಿಟ್ಟಳು. ಆಮೇಲೆ ಅವರೆ ಮಣ್ಣನ್ನು ತಲೆಯ ಮೇಲೆ ಹೊತ್ತುಕೊಂಡೇ ಎದ್ದಳು. ಅದನ್ನು ನೋಡಿ ಹುಲ್ಲು ನಕ್ಕಳು. ಅವರೆಯೂ ನಕ್ಕಳು. ಅವತ್ತಿನಿಂದ ಹುಲ್ಲು ಅಕ್ಕನಾದಳು, ಅವರೆ ತಂಗಿಯಾದಳು.

ಆಗ ಅವರೆ ಬಳ್ಳಿಯಾಗಿರಲಿಲ್ಲ. ಮೊಣಕಾಲೆತ್ತರದ ಪುಟ್ಟ ಗಿಡ, ಅಷ್ಟೇ. ಹುಲ್ಲಿಗೆ ಬಿಳಿ ಗರಿಯೂ ಇರಲಿಲ್ಲ. ಅಕ್ಕನ ಹೆಗಲಿಗೆ ತಂಗಿ ಒರಗಿಕೊಂಡಿದ್ದರೆ ಇಬ್ಬರಿಗೂ ಬೇರೇನೂ ಬೇಕಿರಲಿಲ್ಲ.

ಪುಟ್ಟೀರಮ್ಮ ದಿನಾ ಬೆಳಗ್ಗೆ ತೆಂಗಿನ ಚಿಪ್ಪಿನಲ್ಲಿ ನೀರು ತರುತ್ತಿದ್ದಳು.

"ನಿನಗೊಂದು ಚಿಪ್ಪು, ನಿನಗೊಂದು ಚಿಪ್ಪು," ಎಂದು ಹಾಕುತ್ತಿದ್ದಳು.

ಲೋಕ ಹೊಸದಾಗಿದ್ದರೂ ಪಂಕ್ತಿಭೇದ ಮಾತ್ರ ಆಗಲೇ ಹಳತಾಗಿತ್ತು. ಪುಟ್ಟೀರಮ್ಮ ಸೊಸೆಯಾಗಿ ಬಂದ ಮನೆಯಲ್ಲಿ ಬೇರೆಯವರ ಎಲೆಗೆ ತುಪ್ಪ ಬೀಳುತ್ತಿತ್ತು, ಇವಳ ಎಲೆಗೆ ಬರುವಷ್ಟರಲ್ಲಿ ಗಿಂಡಿ ಖಾಲಿಯಾಗುತ್ತಿತ್ತು. ಅದು ಅವಳ ಹೊಟ್ಟೆಯಲ್ಲಿ ಹಾಗೇ ಉಳಿದಿತ್ತು. ನನ್ನ ಕೈ ಬಡಿಸುವಾಗ ಹೆಚ್ಚಿಲ್ಲ, ಕಡಿಮೆಯಿಲ್ಲ ಎಂದು ಆಣೆ ಇಟ್ಟುಕೊಂಡಿದ್ದಳು. ನ್ಯಾಯವಾಗಿರಬೇಕೆಂದು ಹೊರಟವರಿಂದ ಎಷ್ಟು ತಪ್ಪಾಗುತ್ತದೆ ಎನ್ನುವುದು ಅವಳಿಗಾಗಲೀ ಲೋಕಕ್ಕಾಗಲೀ ಆಗಿನ್ನೂ ತಿಳಿದಿರಲಿಲ್ಲ.

ಚಿಕ್ಕವರಿದ್ದಾಗ ಆ ನೀರು ಇಬ್ಬರಿಗೂ ಹಿತವಾಗಿತ್ತು. ಆದರೆ ಮಕ್ಕಳು ಬೆಳೆಯುತ್ತಾರಲ್ಲ. ಬೆಳೆದಂತೆ ಒಬ್ಬೊಬ್ಬರ ಹಸಿವು ಒಂದೊಂದು ತರಹ ಆಗುತ್ತದಲ್ಲ.

ಅವರೆಗೆ ನೀರು ಸಾಲದಾಯಿತು. ಪುಟ್ಟೀರಮ್ಮ ಚಿಪ್ಪು ಬಿಟ್ಟು ಚೆಂಬು ಹಿಡಿದಳು. "ನಿನಗೊಂದು ಚೆಂಬು, ನಿನಗೊಂದು ಚೆಂಬು." ಗೊಬ್ಬರವನ್ನೂ ತಂದಳು. "ನಿನಗೊಂದು ಬೊಗಸೆ, ನಿನಗೊಂದು ಬೊಗಸೆ."

ಅವರೆ ನಳನಳಿಸಿದಳು. ಮೈತುಂಬ ನೇರಳೆ ಹೂ ಬಿಟ್ಟಳು. ಹುಲ್ಲು ಮಾತ್ರ ಹಳದಿಯಾದಳು. ಬೆನ್ನು ಬಾಗಿತು. ನಿಲ್ಲಲಾರದೆ ಅತ್ತಿತ್ತ ಒರಗಿದಳು.

"ಯಾಕಕ್ಕಾ, ಮೈ ಸರಿಯಿಲ್ವಾ?"

"ಎಂಥದ್ದೂ ಇಲ್ಲ ಕಣೇ. ಸುಮ್ಮನೆ ಮಲಗಿದ್ದೆ."

"ಹಗಲೊತ್ತು ಮಲಗ್ತಾರಾ?"

"ಮಲಗಿದ್ರೆ ನಿನಗೇನೇ ಕಷ್ಟ? ಹೂವೆಷ್ಟು ಅಂತ ಎಣಿಸ್ಕೊಂಡು ಕೂತಿರು, ಹೋಗು."

ಅವರೆ ನಂಬಿದಳು. ಎರೆಹುಳು ನಂಬಲಿಲ್ಲ. ಅದು ಮಣ್ಣಿನಿಂದ ತಲೆ ಹೊರಗೆ ಹಾಕಿ ಪುಟ್ಟೀರಮ್ಮನನ್ನು ಕೂಗಿತು. "ಪುಟ್ಟೀರಕ್ಕಾ, ನೀನು ಮೇಲಿಂದ ನೋಡ್ತೀಯ, ನಾನು ಕೆಳಗಿಂದ ನೋಡ್ತೀನಿ. ದೊಡ್ಡವಳ ಬೇರು ಕೊಳೀತಾ ಇದೆ. ನೀನು ಹಾಕೋ ನೀರಲ್ಲಿ ಅವಳು ಮುಳುಗ್ತಾ ಇದಾಳೆ."

ಪುಟ್ಟೀರಮ್ಮ ಕೈಯಲ್ಲಿದ್ದ ಚೆಂಬನ್ನು ಕೆಳಗಿಟ್ಟಳು. ಅವತ್ತೇ ನೀರು ನಿಲ್ಲಿಸಿದಳು, ಇಬ್ಬರಿಗೂ. ಭೇದ ಮಾಡುವ ಕೈಯಲ್ಲವಲ್ಲ ಅದು!

ಪಾತಿ ಒಣಗಿತು. ಹುಲ್ಲು ಮೆಲ್ಲಗೆ ಬೆನ್ನು ನೆಟ್ಟಗೆ ಮಾಡಿದಳು. ಅವಳ ಎಲೆಗಳಿಗೆ ಜೀವ ಬಂತು. ಈಗ ಅವರೆ ಬಾಡಿದಳು. ಎಲೆಗಳು ಜೋತುಬಿದ್ದವು. ಹೂವೆಲ್ಲ ಉದುರಿತು. ಒಂದು ಕಾಯಿಯೂ ಕಚ್ಚಲಿಲ್ಲ.

"ಏನೇ ಇದು, ಹೂವೆಲ್ಲ ನೆಲದ ಮೇಲೆ?" ಎಂದಳು ಹುಲ್ಲು.

"ನಾನೇ ಹಾಸಿದ್ದು ಅಕ್ಕಾ. ನಿನ್ನ ಕಾಲಿಗೆ ಮೆತ್ತಗಿರಲಿ ಅಂತ."

"ಬಾಯಾರಿಕೆ ಆಗಿಲ್ವಾ?"

"ಊಹೂಂ. ನನಗೆ ನೀರು ಕಂಡರೇ ಆಗೋಲ್ಲ ಈಗ."

ಹುಲ್ಲಿಗೆ ಅರ್ಥವಾಯಿತು. ಸುಳ್ಳು ಹೇಳಿ ಅಭ್ಯಾಸವಾದವರಿಗೆ ಬೇರೆಯವರ ಸುಳ್ಳು ಬೇಗ ಅರ್ಥವಾಗುತ್ತದೆ.

ಪುಟ್ಟೀರಮ್ಮ ಪಾತಿಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ನೀರು ಹಾಕಿದರೆ ನೀನು ಹೋಗ್ತೀಯ, ಹಾಕದಿದ್ದರೆ ಇವಳು ಹೋಗ್ತಾಳೆ. ಒಂದೇ ಪಾತಿ. ನೀರಿಗೆ ಗೆರೆ ಎಳೆಯೋಕಾಗುತ್ತೇನ್ರಮ್ಮಾ? ನಾನೇನು ಮಾಡಲಿ?"

"ನನ್ನನ್ನು ಕೀಳಮ್ಮ," ಎಂದಳು ಹುಲ್ಲು. "ಗೋಡೆಯಾಚೆ ಕಲ್ಲುದಿಬ್ಬ ಇದೆಯಲ್ಲ, ಅಲ್ಲಿ ಇಡು. ನನಗೆ ಕಲ್ಲಾದರೂ ಆಗುತ್ತೆ. ಇವಳಿಗೆ ಇಲ್ಲೇ ಆಗಬೇಕು."

"ಬೇಡ!" ಅವರೆ ಚೀರಿದಳು. "ನನಗೆ ನೀರೇ ಬೇಡಮ್ಮಾ! ಕಾಯಿ ಬಿಡದೆ ಇದ್ದರೂ ಪರವಾಗಿಲ್ಲ! ಹೀಗೇ ಇರ್ತೀವಿ!"

"ಹೀಗೇ ಅಂದ್ರೆ ಎಷ್ಟು ದಿನವೇ, ಪೆದ್ದಿ?" ಎಂದಳು ಹುಲ್ಲು.

ಅವರೆ ಅಕ್ಕನ ಹೆಗಲಿಗೆ ಇನ್ನಷ್ಟು ಒತ್ತಿಕೊಂಡಳು.

ಪುಟ್ಟೀರಮ್ಮ ಹುಲ್ಲಿನ ಸುತ್ತ ಮಣ್ಣು ಸಡಿಲ ಮಾಡಿ, ಬೇರು ನೋಯದ ಹಾಗೆ ಬುಡವನ್ನು ಎರಡೂ ಕೈಯಲ್ಲಿ ಎತ್ತಿದಳು. ತಂಗಿಯ ಬೇರುಗಳು ಅಕ್ಕನ ಬೇರುಗಳಿಗೆ ಸುತ್ತಿಕೊಂಡಿದ್ದವು. ಒಂದೊಂದನ್ನೇ ಬಿಡಿಸಬೇಕಾಯಿತು.

"ಅಕ್ಕಾ, ಗೋಡೆ ಹತ್ತಿ ಬರ್ತೀನಿ," ಎಂದಳು ಅವರೆ.

"ಮೊಣಕಾಲುದ್ದ ಇದೀಯ. ಗೋಡೆ ಹತ್ತಾಳಂತೆ!" ಹುಲ್ಲು ನಗಲು ನೋಡಿದಳು. ಆಮೇಲೆ ಹೇಳಿದಳು, "ಬಾ. ನಾನು ಎಲ್ಲಿದೀನಿ ಅಂತ ನಿನಗೆ ಕಾಣೋ ಹಾಗೆ ಗುರುತು ಎತ್ತಿ ಹಿಡೀತೀನಿ."

ಮರುದಿನ ಪುಟ್ಟೀರಮ್ಮ ಚೆಂಬು ತಂದು "ನಿನಗೊಂದು ಚೆಂಬು," ಎಂದಳು. ಇನ್ನೊಂದು ಮಾತು ಅಭ್ಯಾಸಬಲದಿಂದ ಬಾಯಿಗೆ ಬಂತು. ನುಂಗಿಕೊಂಡಳು.

ಅವರೆ ನೀರು ಕುಡಿದಳು. ಉದ್ದವಾದಳು. ಇನ್ನೂ ಉದ್ದವಾದಳು. ತುದಿಯ ಕುಡಿಯನ್ನು ಗಾಳಿಯಲ್ಲಿ ಚಾಚಿ, ಕಣ್ಣು ಕಾಣದವರು ಕೈಯಾಡಿಸುವ ಹಾಗೆ ಸುತ್ತಲೂ ತಡಕಾಡಿದಳು. ಒಂದು ಕೋಲು ಸಿಕ್ಕಿತು. "ಅಕ್ಕಾ!" ಎಂದು ತಬ್ಬಿಕೊಂಡಳು. ಅದು ಕೋಲು. ಇನ್ನೂ ಮೇಲೆ ಹೋದಳು. ಒಂದು ಹಗ್ಗ ಸಿಕ್ಕಿತು. "ಅಕ್ಕಾ!" ಎಂದು ತಬ್ಬಿಕೊಂಡಳು. ಅದು ಹಗ್ಗ. ಪುಟ್ಟೀರಮ್ಮ ನೋಡಲಾರದೆ ಗೋಡೆಯ ತನಕ ಒಂದು ಚಪ್ಪರ ಹಾಕಿಕೊಟ್ಟಳು.

ದಿಬ್ಬದ ಮೇಲೆ ಹುಲ್ಲು ಕಲ್ಲಿನ ನಡುವೆ ಬೇರು ಬಿಟ್ಟಳು. ಗಟ್ಟಿಯಾದಳು. ನೀರು ಕೇಳಲಿಲ್ಲ, ಗೊಬ್ಬರ ಕೇಳಲಿಲ್ಲ. ಬಂದ ಗಾಳಿಯನ್ನು ಮಾತ್ರ ಕೇಳುತ್ತಿದ್ದಳು, "ಎಲ್ಲಿ ತನಕ ಬಂದಳು?"

"ಕೋಲು ದಾಟಿದಳು," ಎನ್ನುತ್ತಿತ್ತು ಗಾಳಿ. "ಹಗ್ಗ ದಾಟಿದಳು. ಚಪ್ಪರ ಹತ್ತಿದಳು. ಮೈತುಂಬ ಕಾಯಿ!"

ಹುಲ್ಲಿಗೆ ಒಂದು ವಿಷಯ ತಿಳಿದಿರಲಿಲ್ಲ. ತನಗೆ ವರ್ಷವರ್ಷವೂ ಆಯುಸ್ಸಿದೆ, ಅವರೆಗಿರುವುದು ಒಂದೇ ಕಾಲ. ಕಾಯಿ ಬಲಿತು ಒಣಗಿದರೆ ಅವಳ ಕೆಲಸ ಮುಗಿಯಿತು.

ಮಳೆ ಹೋಯಿತು, ಚಳಿ ಬಂತು. ಅವರೆಯ ಕುಡಿ ಗೋಡೆಯ ನೆತ್ತಿ ಮುಟ್ಟಿತು. ಮುಟ್ಟಿದಲ್ಲೇ ಒಣಗಿತು.

ಅದೇ ಬೆಳಗ್ಗೆ ದಿಬ್ಬದ ಮೇಲೆ ಹುಲ್ಲು ತನ್ನ ಗುರುತನ್ನು ಎತ್ತಿ ಹಿಡಿದಳು. ಉದ್ದನೆಯ ಬಿಳಿ ಗರಿ, ಹಾಲಿನ ನೊರೆಯ ಹಾಗಿತ್ತು. ದೂರದ ಹೊಳೆಗೂ ಕಂಡಿತು, ಬೆಟ್ಟಗಳಿಗೂ ಕಂಡಿತು.

ಗಾಳಿ ಬಂತು.

"ಎಲ್ಲಿ ತನಕ ಬಂದಳು?" ಎಂದಳು ಹುಲ್ಲು.

ಸುದ್ದಿ ಹೇಳುವುದನ್ನು ಬಿಟ್ಟು ಬೇರೆ ಕೆಲಸವೇ ಗೊತ್ತಿಲ್ಲದ ಗಾಳಿ ಅವತ್ತು ಬಾಯಿ ಬಿಡಲಿಲ್ಲ. ಅವಳ ತಲೆಯನ್ನೊಮ್ಮೆ ಸವರಿ ಮುಂದೆ ಹೋಯಿತು.

ಪುಟ್ಟೀರಮ್ಮ ಒಣಗಿದ ಕಾಯಿ ಸುಲಿದು ಬೀಜ ಎತ್ತಿಟ್ಟಳು. ಮುಂದಿನ ಮಳೆಗೆ ಬಿತ್ತಿದಳು. ಹುಟ್ಟಿದ ಹೊಸ ಅವರೆಗೆ ದೊಡ್ಡಮ್ಮನ ಮುಖ ಗೊತ್ತಿರಲಿಲ್ಲ, ಹೆಸರೂ ಗೊತ್ತಿರಲಿಲ್ಲ. ಆದರೂ ಎರಡು ಗೇಣು ಬೆಳೆಯುವಷ್ಟರಲ್ಲಿ ಅದರ ಕುಡಿ ಗಾಳಿಯಲ್ಲಿ ಯಾರನ್ನೋ ತಡಕಾಡತೊಡಗಿತು.

ಅದಕ್ಕೇ ಕಂದಾ, ಬ್ಯಾಂಕಿನ ಮುಂದೆ ಬೆಣಚುಕಲ್ಲಿನ ನಡುವೆ ಅಂದಕ್ಕೆಂದು ನೆಟ್ಟ ಹುಲ್ಲು ಯಾರೂ ನೀರು ಹಾಕದಿದ್ದರೂ ಬಿಳಿ ಗರಿ ಎತ್ತಿ ನಿಂತಿರುತ್ತದೆ, ಗಾಳಿ ಬಂದಾಗಲೆಲ್ಲ ಅದರ ಕಡೆಗೆ ಬಾಗಿ ಏನೋ ಕೇಳುತ್ತದೆ. ನಮ್ಮ ಹಿತ್ತಲಿನ ಅವರೆ ಬಳ್ಳಿ ನಾಳೆ ಬಟ್ಟೆ ಒಣಹಾಕುವ ಹಗ್ಗವನ್ನು ತಬ್ಬಿಕೊಂಡಿದ್ದರೆ, ಮೆಲ್ಲಗೆ ಬಿಡಿಸು, ಅದು ಅಕ್ಕ ಸಿಕ್ಕಳು ಅಂದುಕೊಂಡಿರುತ್ತದೆ.