ಗಾಡಿ ಸರಿಯಾಗಲಿ ಎಂದವನು

"ಗುರುಗಳೇ, ನಾನು ಜಗಳವಾಡಿ ತಂದೆಯನ್ನು ಬಿಟ್ಟುಬಂದವನು. ಅವರ ಮುಖ ನೋಡಬೇಕೆಂಬ ಆಸೆ ನನ್ನನ್ನು ಬಿಡುತ್ತಿಲ್ಲ. ಆದರೆ ಒಳಗೆ ಇನ್ನೂ ಸಿಟ್ಟಿನ ಕೊಳೆ ಉಳಿದಿದೆ. ಮನಸ್ಸು ಪೂರ್ತಿ ತಿಳಿಯಾದ ಮೇಲೆ ಹೋಗೋಣವೆಂದಿದ್ದೇನೆ. ಅದಕ್ಕೆ ಎಷ್ಟು ಕಾಲ ಬೇಕು?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬೇಕರಿಯವನಿದ್ದ. ಅವನಿಗೆ ಒಬ್ಬಳೇ ಅಕ್ಕ. ಘಟ್ಟದ ಕೆಳಗೆ ಅವಳ ಮನೆ. ತಾಯಿ ಸತ್ತ ದಿನ ಇಬ್ಬರೂ ಆಡಬಾರದ ಮಾತಾಡಿ ಬೇರೆಯಾಗಿದ್ದರು. ವರ್ಷಗಳು ಕಳೆದವು. ಸಿಟ್ಟು ಆರಿತು, ಅಕ್ಕ ಮಾತ್ರ ಮನಸ್ಸಿನಿಂದ ಹೋಗಲಿಲ್ಲ. ಚಿಕ್ಕಂದಿನಲ್ಲಿ ಅವಳು ಬ್ರೆಡ್ಡಿನ ಕೆಂಪಗೆ ಬೆಂದ ಅಂಚನ್ನು ಕಿತ್ತು ತಿನ್ನುತ್ತಿದ್ದಳು. ಈಗಲೂ ಬ್ರೆಡ್ಡು ಒಲೆಯಿಂದ ಹೊರಬಂದಾಗ ಅವನ ಕೈ ಆ ಅಂಚಿನ ಮೇಲೆ ಒಂದು ಗಳಿಗೆ ನಿಲ್ಲುತ್ತಿತ್ತು.

"ಹೋಗಿ ನೋಡಿಕೊಂಡು ಬನ್ನಿ" ಎಂದು ಹೆಂಡತಿ ಹೇಳುವಳು.

"ಕಾರಿನ ಟೈಮಿಂಗ್ ಬೆಲ್ಟು ಹಳೆಯದಾಗಿದೆ. ಘಟ್ಟದಲ್ಲಿ ತುಂಡಾದರೆ ಎಂಜಿನ್ನೇ ಹೋದಂತೆ. ಗಾಡಿ ಸರಿಯಾಗಲಿ, ಹೋಗುತ್ತೇನೆ" ಎನ್ನುವನು. ಸುಳ್ಳಲ್ಲ. ಬೆಲ್ಟು ನಿಜವಾಗಿಯೂ ಬಿರುಕು ಬಿಟ್ಟಿತ್ತು.

ಒಂದು ದಿನ ಅಕ್ಕನ ಊರಿನವರೊಬ್ಬರು ಬೇಕರಿಗೆ ಬಂದು, ಅವಳ ಕಣ್ಣು ಹೋಗುತ್ತಿದೆಯೆಂದು ತಿಳಿಸಿದರು. ಅವನು ಅಂಗಡಿ ಮುಚ್ಚಿದ. ಮೆಕ್ಯಾನಿಕ್ ಊರಲ್ಲಿರಲಿಲ್ಲ. ಹೊಸ ಬೆಲ್ಟು ಕೊಂಡುತಂದು ಮನೆಯ ಅಂಗಳದಲ್ಲಿ ತಾನೇ ಕೆಲಸಕ್ಕೆ ಕೂತ. ಅದುವರೆಗೆ ಕಾರಿನ ಚಕ್ರದ ಹೊರತು ಏನನ್ನೂ ಬಿಚ್ಚಿದವನಲ್ಲ.

ಎಂಜಿನ್ನಿನ ಮೇಲೊಂದು, ಕೆಳಗೊಂದು ಹಲ್ಲಿನ ಗಾಲಿಗಳಿರುತ್ತವೆ. ಬೆಲ್ಟು ಅವೆರಡನ್ನೂ ಒಟ್ಟಿಗೆ ತಿರುಗಿಸುತ್ತದೆ. ಎರಡಕ್ಕೂ ಗುರುತುಗಳಿವೆ. ಅವು ತಂತಮ್ಮ ಜಾಗದಲ್ಲಿ ನಿಂತಾಗಲೇ ಬೆಲ್ಟು ಕೂರಿಸಬೇಕು. ತಪ್ಪಿದರೆ ಎಂಜಿನ್ನು ಒಳಗೊಳಗೇ ಬಡಿದುಕೊಂಡು ಹಾಳಾಗಬಹುದು. ಅವನು ಬೆಲ್ಟು ಕೂರಿಸಿ, ಕೈಯಿಂದ ಗಾಲಿ ತಿರುಗಿಸಿ ನೋಡಿದ. ಮೇಲಿನ ಗುರುತು ಒಂದು ಹಲ್ಲಿನಷ್ಟು ಜರುಗಿತ್ತು. ಹಾಗೆಯೇ ಕೀಲಿ ತಿರುಗಿಸಿ ಹೊರಟುಬಿಡುವಷ್ಟು ತವಕ ಅವನಿಗೆ. ಆದರೂ ತಡೆದುಕೊಂಡ. ಎಲ್ಲವನ್ನೂ ಬಿಚ್ಚಿ ಮತ್ತೆ ಕೂರಿಸಿದ. ಬೆರಳ ಗೆಣ್ಣು ತರಚಿ ರಕ್ತ ಬಂತು. ಈ ಸಲ ಗುರುತುಗಳು ಸರಿಯಾಗಿ ಬಂದು ನಿಂತವು. ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಅವನಿಗೆ ಅಳು ಬಂತು.

ಘಟ್ಟ ಇಳಿದು ಅಕ್ಕನ ಬಾಗಿಲಲ್ಲಿ ನಿಂತ. ಅವಳು ಯಾರೆಂದು ಕೇಳಿದಳು.

"ನಾನು ಅಕ್ಕಾ" ಎಂದ.

ಅವಳು ಕೈಚಾಚಿ ಅವನ ಹಣೆ, ಕೆನ್ನೆ, ಗದ್ದ ಮುಟ್ಟಿದಳು. ಮುಖವನ್ನು ಬೆಳಕಿಗೆ ತಿರುಗಿಸಿದಳು. ಕಾಣಿಸಲಿಲ್ಲ.

"ಗಾಡಿ ಸರಿಯಿರಲಿಲ್ಲ ಅಕ್ಕಾ. ನಾನೇ ಕೂತು ರಿಪೇರಿ ಮಾಡಿಕೊಂಡು ಬಂದೆ" ಎಂದ.

ಅವಳು ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ತರಚಿದ ಬೆರಳುಗಳನ್ನು ಬಹಳ ಹೊತ್ತು ಸವರಿದಳು.

"ನಿಮ್ಮೂರ ಕಡೆಯಿಂದ ದಿನಾ ಬಸ್ಸು ಬರುತ್ತದಲ್ಲೋ ತಮ್ಮಾ. ಬಂದು ನಿಂತಾಗಲೆಲ್ಲ ನಾನು ಬಾಗಿಲಿಗೆ ಬಂದು ನೋಡುತ್ತಿದ್ದೆ. ಕಣ್ಣಿರುವಷ್ಟು ದಿನ ನೋಡಿದೆ" ಎಂದಳು.

ಗುರುಗಳು ಕತೆ ನಿಲ್ಲಿಸಿದರು.

"ಈಗ ಹೇಳು, ನಿನ್ನ ಗಾಡಿಗೆ ಏನಾಗಿದೆ?" ಎಂದರು.