ದುರ್ಗವ್ವನ ಸೇತುವೆ

ನಡುವೆ ಹಳ್ಳ ಹರಿದು ಎರಡು ಪಾಲಾಗಿದ್ದ ಕಾಡಿನಲ್ಲಿ ಪ್ರಾಣಿಗಳದ್ದೇ ಒಂದು ವಿಧಾನಸಭೆ ಇತ್ತು. ದೊಡ್ಡದೊಂದು ಹಾಸುಬಂಡೆಯ ಮೇಲೆ ಅದು ಸೇರುತ್ತಿತ್ತು. ಹಳ್ಳದಾಚೆಯ ಕ್ಷೇತ್ರದಿಂದ ಮೂರು ಸಲ ಗೆದ್ದು ಬಂದವನು ನರಿ ಬೋರಣ್ಣ.

ಚುನಾವಣೆ ಬಂತೆಂದರೆ ಬೋರಣ್ಣ ಹಳ್ಳದ ದಡದಲ್ಲಿ ಸೇತುವೆಗೆ ಗುದ್ದಲಿ ಪೂಜೆ ಮಾಡುತ್ತಿದ್ದ. ಹಾರ ಹಾಕಿಸಿಕೊಳ್ಳುತ್ತಿದ್ದ. ಮುಂಗಾಲಿನಿಂದ ಒಂದು ಗುಂಡಿ ತೋಡುತ್ತಿದ್ದ. ಗೆದ್ದ ಮೇಲೆ ಯಾರೂ ಕೇಳಬಾರದೆಂದು ಆ ಗುಂಡಿಗೆ ಸೊಪ್ಪು ಮುಚ್ಚಿ, ಹಾಸುಬಂಡೆಗೆ ಹೋಗಿ ನಿದ್ದೆ ಹೊಡೆಯುತ್ತಿದ್ದ. ಮೂರು ಚುನಾವಣೆ, ಮೂರು ಗುಂಡಿ. ಸೇತುವೆ ಮಾತ್ರ ಇಲ್ಲ.

ಒಳ್ಳೆಯ ಮೇವೆಲ್ಲ ಇದ್ದದ್ದು ಹಳ್ಳದ ಈಚೆ. ಒಂದು ಮಳೆಗಾಲದಲ್ಲಿ ಜಿಂಕೆ ಗಂಗವ್ವನ ಮರಿ ಹಳ್ಳ ದಾಟಲು ಹೋಗಿ ಕೊಚ್ಚಿಹೋಯಿತು. ಅದನ್ನು ಕಣ್ಣಾರೆ ಕಂಡವಳು ಮುಳ್ಳುಹಂದಿ ದುರ್ಗವ್ವ.

ದುರ್ಗವ್ವನಿಗೆ ಯಾರೂ ಅಕ್ಷರ ಕಲಿಸಿರಲಿಲ್ಲ. ಮೈಮೇಲಿನ ಮುಳ್ಳೊಂದನ್ನು ಕಿತ್ತು, ಮಣ್ಣಿನಲ್ಲಿ ಗೀಚಿ ಗೀಚಿ ತಾನೇ ಕಲಿತಿದ್ದಳು. ಅವಳು ಎಲ್ಲರೆದುರು ಹೇಳಿದಳು: "ಈ ಸಲ ಚುನಾವಣೆಗೆ ನಾನು ನಿಲ್ತೀನಿ."

ಬೋರಣ್ಣ ಬಿದ್ದು ಬಿದ್ದು ನಕ್ಕ. "ಏನವ್ವಾ, ಮೈತುಂಬ ಲೇಖನಿ ಸಿಕ್ಕಿಸ್ಕೊಂಡ ಮಾತ್ರಕ್ಕೆ ಶಾಸಕಿ ಆಗ್ತೀಯಾ? ಸಭೇಲಿ ನಿನ್ನ ಪಕ್ಕ ಕೂರೋಕೆ ಯಾರಿಗಿದೆ ಧೈರ್ಯ?"

"ಯಾರೂ ಕೂರದಿದ್ರೆ ಕಾಲು ಚಾಚಿ ಕೂರ್ತೀನಿ ಬಿಡು," ಎಂದಳು ದುರ್ಗವ್ವ.

ಬಿಲ ಬಿಲಕ್ಕೂ ಪೊದೆ ಪೊದೆಗೂ ನಡೆದು ಮತ ಕೇಳಿದಳು. ಏಳು ಮತಗಳಿಂದ ಗೆದ್ದಳು.

ಮೊದಲ ಅಧಿವೇಶನದಲ್ಲೇ ಎದ್ದು ನಿಂತಳು. "ನಮ್ಮ ಹಳ್ಳಕ್ಕೆ ಸೇತುವೆ ಯಾವಾಗ?"

ಮಂತ್ರಿ ಕರಡಿ ಜೇನು ನೆಕ್ಕುತ್ತಾ, "ಪರಿಶೀಲನೆಯಲ್ಲಿದೆ. ಕೂತ್ಕೊಳ್ಳಿ ತಾಯಿ," ಎಂದ.

ಎರಡನೆಯ ಅಧಿವೇಶನದಲ್ಲೂ ಅದೇ ಪ್ರಶ್ನೆ, ಅದೇ ಉತ್ತರ. ದುರ್ಗವ್ವ ಪ್ರತಿ ಉತ್ತರವನ್ನೂ ಒಂದೊಂದು ತೊಗಟೆಯ ಮೇಲೆ ಬರೆದಿಟ್ಟಳು. ಹನ್ನೊಂದನೆಯ ಅಧಿವೇಶನದಲ್ಲಿ ಹತ್ತೂ ತೊಗಟೆಗಳನ್ನು ಗಟ್ಟಿಯಾಗಿ ಓದಿದಳು. ಹತ್ತು ಸಲವೂ "ಪರಿಶೀಲನೆಯಲ್ಲಿದೆ"! ಸಭೆ ಗೊಳ್ಳೆಂದು ನಕ್ಕಿತು. ಕರಡಿಯ ಮುಖ ಸಪ್ಪಗಾಯಿತು.

"ಸಾಕು ತಾಯಿ ನಿಮ್ಮ ಹಟ! ಕೂತ್ಕೊಳ್ಳಿ!"

"ಸೇತುವೆ ಹಾಕೋಕೆ ಆನೆಗಳಿಗೆ ಆಜ್ಞೆ ಆಗೋವರೆಗೆ ಕೂರಲ್ಲ."

ಬಿಸಿಲು ನೆತ್ತಿಗೇರಿತು. ದುರ್ಗವ್ವ ನಿಂತೇ ಇದ್ದಳು. ಬಿಸಿಲು ಇಳಿಯಿತು. ಆಗಲೂ ನಿಂತೇ ಇದ್ದಳು. ಕೊನೆಗೆ ಕರಡಿ ಆಜ್ಞೆ ಹೊರಡಿಸಿದ. ಆನೆಗಳು ಎರಡು ದೊಡ್ಡ ದಿಮ್ಮಿ ತಂದು ಹಳ್ಳದ ಮೇಲೆ ಹಾಕಿದವು. ದಿಮ್ಮಿಗಳು ಅಲುಗದಂತೆ ದುರ್ಗವ್ವ ಪಕ್ಕದಲ್ಲೇ ನಿಂತು ಕಲ್ಲಿನ ಒತ್ತು ಕೊಡಿಸಿದಳು.

ಸೇತುವೆ ತೆರೆಯುವ ದಿನ ಬೋರಣ್ಣ ತಾನೇ ಹಾರ ಹಾಕಿಕೊಂಡು ಓಡಿ ಬಂದ. "ಇದಕ್ಕೆ ಗುದ್ದಲಿ ಪೂಜೆ ಮಾಡಿದೋನು ನಾನು! ಸೇತುವೆಗೆ ನನ್ನ ಹೆಸರಿಡ್ಬೇಕು. ಮೊದಲು ನಾನೇ ದಾಟ್ಬೇಕು!"

"ಆಗಲಿ ಬೋರಣ್ಣ," ಎಂದಳು ದುರ್ಗವ್ವ. "ಪೂಜೆ ಮಾಡಿದ ಜಾಗ ತೋರ್ಸು. ಮೆರವಣಿಗೆ ಅಲ್ಲಿಂದಲೇ ಹೊರಡ್ಲಿ."

"ಇಗೋ, ಇಲ್ಲೇ..." ಎನ್ನುತ್ತಾ ಬೋರಣ್ಣ ಎದೆಯುಬ್ಬಿಸಿ ಹೆಜ್ಜೆಯಿಟ್ಟ. ಸೊಪ್ಪು ಮುಚ್ಚಿದ್ದ ಗುಂಡಿಗಳು ಎಲ್ಲೆಲ್ಲಿವೆಯೆಂದು ಅವನಿಗೇ ಮರೆತುಹೋಗಿತ್ತು. ದೊಪ್ಪೆಂದು ಕುತ್ತಿಗೆಯವರೆಗೆ ಕೆಸರಿಗೆ ಬಿದ್ದ.

"ಅಯ್ಯೋ, ಎತ್ರಪ್ಪಾ! ಯಾರಾದ್ರೂ ಎತ್ತಿ!"

"ಪರಿಶೀಲನೆಯಲ್ಲಿದೆ ಬೋರಣ್ಣ!" ಎಂದು ಮರದ ಮೇಲಿನ ಕೋತಿ ಕೂಗಿತು.

ದುರ್ಗವ್ವ ನಗಲಿಲ್ಲ. ಜಿಂಕೆಯ ಕಡೆ ತಿರುಗಿ, "ಗಂಗವ್ವಾ, ಮೊದಲ ಹೆಜ್ಜೆ ನಿಂದು," ಎಂದಳು.

ಗಂಗವ್ವ ಆ ವರ್ಷದ ಮರಿಯನ್ನು ಕರೆದುಕೊಂಡು ಹೊರಟಳು. ನಡುವೆ ಒಮ್ಮೆ ನಿಂತು ಕೆಳಗಿನ ನೀರನ್ನು ನೋಡಿದಳು. ಆಮೇಲೆ ನೇರವಾಗಿ ದಾಟಿದಳು. ಅವಳ ಹಿಂದೆ ಇಡೀ ಕ್ಷೇತ್ರ ಸಾಲಾಗಿ ದಾಟತೊಡಗಿತು.

ದುರ್ಗವ್ವ ಕೊಂಬೆಯೊಂದನ್ನು ಗುಂಡಿಗೆ ಚಾಚಿ ಬೋರಣ್ಣನನ್ನು ಮೇಲೆತ್ತಿದಳು. "ಸೇತುವೆ ಎಲ್ಲರದೂ ಬೋರಣ್ಣ. ನೀನೂ ದಾಟು. ಸಾಲಿನ ಕೊನೆಗೆ ನಿಂತ್ಕೋ."

ಎಲ್ಲರೂ ದಾಟಿದ ಮೇಲೆ ಅವಳು ಹನ್ನೊಂದನೆಯ ತೊಗಟೆಯ ಮೇಲೆ "ದಾಟಿದೆವು" ಎಂದು ಬರೆದಳು. ಆಮೇಲೆ ಸೇತುವೆಯ ನಡುವೆ ಹೋಗಿ, ಕಾಲು ಚಾಚಿ ಕೂತಳು.

ನೀತಿ: ಕೆಲಸ ಶುರುಮಾಡಿದೆನೆಂದು ಹಾರ ಹಾಕಿಸಿಕೊಂಡವರು ನಾಯಕರಲ್ಲ, ಅದು ಮುಗಿಯುವವರೆಗೆ ಪಟ್ಟು ಬಿಡದೆ ನಿಂತವರೇ ನಾಯಕರು.