ಗಂಟಿಲ್ಲದ ಮುದ್ದೆ ತೊಳಸಿದ ಹೊನ್ನಾಜಿ

ಬಾ ಪುಟ್ಟಿ, ಈ ಕಡೆ ತಿರುಗಿ ಮಲಕ್ಕೋ. ಕಾಲು ಒದೀಬೇಡ, ನಿಮ್ಮಕ್ಕ ಅಲ್ಲಿ ಬಟ್ಟೆ ಜೋಡಿಸ್ಕೊಳ್ತಾ ಇದಾಳೆ, ನಾಳಿದ್ದು ಯೂನಿವರ್ಸಿಟಿಗೆ ಹೊರಡೋಳು. ರೂಮಲ್ಲಿ ತಾನೇ ಬೇಯಿಸ್ಕೊಂಡು ತಿಂತಾಳಂತೆ. ಏನು ಹೇಳಿಕೊಡೋಕೆ ಹೋದ್ರೂ ಎಲ್ಲಾ ಗೊತ್ತು ಬಿಡಜ್ಜಿ ಅಂತ ಮೂತಿ ತಿರುವ್ತಾಳೆ. ಇರ್ಲಿ, ನಮಗ್ಯಾಕೆ. ನೀನು ಹ್ಞೂಂ ಅಂತಾ ಇರ್ಬೇಕು, ನೀನು ನಿಲ್ಲಿಸಿದ್ರೆ ನಾನೂ ನಿಲ್ಲಿಸ್ತೀನಿ.

ಒಂದಾನೊಂದು ಕಾಲದಲ್ಲಿ, ನಮ್ಮಜ್ಜಿಯ ಅಜ್ಜಿಗೂ ಇನ್ನೂ ಹಲ್ಲು ಮೂಡದ ಕಾಲದಲ್ಲಿ, ಒಬ್ಬ ರಾಜ ಇದ್ನಂತೆ. ಅವನ ಊರಿಗೊಂದು ದೊಡ್ಡ ಕೆರೆ ಇತ್ತಂತೆ, ಆ ಕೆರೆ ಏರಿ ಪ್ರತಿ ಮಳೆಗಾಲಾನೂ ಒಡೆದು, ಗದ್ದೆ ಮನೆ ಎಲ್ಲಾ ಕೊಚ್ಕೊಂಡು ಹೋಗಿ, ಜನ ಅಯ್ಯೋ ಅಯ್ಯೋ ಅಂತ ಬಾಯಿ ಬಡ್ಕೊಳ್ತಿದ್ರಂತೆ. ರಾಜನಿಗೆ ಮೂರು ಜನ ಮಕ್ಕಳು, ದೊಡ್ಡೋನು ಗೋಪಾಲರಾಜ, ನಡುವಿನೋನು ತಿಮ್ಮರಾಜ, ಕೊನೇ ಮಗಳು ಹೊನ್ನಾಜಿ. ಬೆಟ್ಟದ ಆಚೆ ಒಂದು ವಿದ್ಯಾಶಾಲೆ ಇದೆ, ಅಲ್ಲಿ ಒಡೆಯದ ಏರಿ ಕಟ್ಟೋ ವಿದ್ಯೆ ಹೇಳ್ಕೊಡ್ತಾರೆ ಅಂತ ರಾಜನ ಕಿವಿಗೆ ಬಿತ್ತಂತೆ. ಗಂಡು ಮಕ್ಕಳನ್ನ ಕಳಿಸೋಣ ಅಂದ್ಕೊಂಡ್ರೆ, ನಾನೂ ಹೋಗ್ತೀನಿ ಅಂತ ಹೊನ್ನಾಜಿ ಕಂಬ ಹಿಡ್ಕೊಂಡು ನಿಂತುಬಿಟ್ಲಂತೆ. ಅಪ್ಪ ಸಾಕಾಗಿ, ಹೋಗು ತಾಯಿ, ಆದ್ರೆ ಓದು ಮುಗಿಸದೆ ಅರ್ಧಕ್ಕೆ ವಾಪಸ್ ಬಂದ್ಯೋ, ಪಕ್ಕದ ದೇಶದ ಮೀಸೆರಾಜನಿಗೆ ನಿನ್ನ ಕೊಟ್ಟು ಮದುವೆ ಮಾಡ್ತೀನಿ, ಆಮೇಲೆ ಪುಸ್ತಕ ಅಂತ ಬಾಯಿ ಬಿಡಬಾರದು ಅಂದ್ನಂತೆ. ಆ ಮೀಸೆರಾಜನ ಮೀಸೆ ಹಿಡ್ಕೊಂಡು ನಡೆಯೋಕೇ ಎರಡು ಆಳು ಇದ್ರಂತೆ ಕಣೇ!

ಆಮೇಲೆ ಮೂವರೂ ಹೋದ್ರಂತೆ. ಅಲ್ಲಿ ನೋಡಿದ್ರೆ ಆಳಿಲ್ಲ, ಕಾಳಿಲ್ಲ. ನಿನ್ನ ಬಟ್ಟೆ ನೀನೇ ಒಗೀಬೇಕು, ನಿನ್ನ ಹಾಸಿಗೆ ನೀನೇ ಮಡಚಬೇಕು, ಪಾಳಿ ಬಂದ ದಿನ ಇಡೀ ಶಾಲೆಗೆ ನೀನೇ ರಾಗಿ ಮುದ್ದೆ ತೊಳಸಬೇಕು. ಪಾಳಿ ಅಡುಗೆ ಮೂರು ಸಲ ಕೆಟ್ರೆ ಗಂಟುಮೂಟೆ ಕಟ್ಕೊಂಡು ಮನೆಗೆ ಹೋಗ್ತಾ ಇರು ಅನ್ನೋದು ಅಲ್ಲಿಯ ಕಟ್ಟಳೆಯಂತೆ. ಅರಮನೆ ಕಟ್ಟಳೆ ಏನಪ್ಪಾ ಅಂದ್ರೆ, ರಾಜನ ಮಕ್ಕಳು ಅಪ್ಪಣೆ ಕೊಡಬೇಕೇ ಹೊರತು ಯಾರನ್ನೂ ಏನೂ ಕೇಳಬಾರದು. ನನಗೆ ಬರಲ್ಲ ಅನ್ನೋ ಮಾತು ಬಾಯಿಗೆ ಬಂದ್ರೆ ಸಾಕು, ಸಾಕಿದ ದಾದಿ ತುಟಿ ಮೇಲೆ ಬೆರಳಿಟ್ಟು ಶ್ ಅಂದುಬಿಡ್ತಿದ್ಲಂತೆ. ಹಂಗೆ ಬೆಳೆದ ಮಕ್ಕಳು ಅವು.

ದೊಡ್ಡೋನು ಗೋಪಾಲರಾಜ ಏನು ಮಾಡ್ದ? ಒಲೆ ಹಚ್ಚೋಕೆ ಬರ್ದೆ, ಉಂಡ್ರೆ ಪಾಳಿ ಮಾಡ್ಬೇಕಲ್ಲಾ ಅಂತ ಹೆದರಿ, ನನಗೆ ಹಸಿವೇ ಇಲ್ಲ ಅಂತ ಸುಳ್ಳು ಹೇಳ್ಕೊಂಡು, ಪುರಿ ಮುಕ್ಕಿ ನೀರು ಕುಡಿದು, ನಿದ್ದೆನೂ ಮಾಡದೆ ಓದಿದ್ನಂತೆ, ಓದಿ ಓದಿ ಒಂದಿನ ಪಾಠದ ನಡುವೆ ದೊಪ್ಪನೆ ಬಿದ್ನಂತೆ. ಗಾಡೀಲಿ ಹಾಕ್ಕೊಂಡು ಮನೆಗೆ ಕಳಿಸಿದ್ರಂತೆ. ಆಮೇಲೆ ನಡುವಿನೋನು ತಿಮ್ಮರಾಜ, ಅವನು ಬಲು ಬುದ್ಧಿವಂತ. ಒಗೆಯೋನಿಗೆ ಉಂಗುರ ಕೊಟ್ಟ, ಮುದ್ದೆ ಮಾಡೋನಿಗೆ ಶಾಲು ಕೊಟ್ಟ, ಪಾಠ ಬರೆಯೋನಿಗೆ ಜರಿಪೇಟ ಕೊಟ್ಟ. ಕೊಡೋಕೆ ಉಟ್ಟ ಪಂಚೆ ಒಂದೇ ಉಳಿದಾಗ ಅದನ್ನ ಗಟ್ಟಿಯಾಗಿ ಹಿಡ್ಕೊಂಡು ಓಡ್ಕೊಂಡು ಮನೆ ಸೇರಿದ್ನಂತೆ. ನಗ್ಬೇಡ, ನಿದ್ದೆ ಹಾರೋಗುತ್ತೆ.

ಈಗ ಉಳಿದೋಳು ಹೊನ್ನಾಜಿ. ಮೊದಲನೇ ಪಾಳಿ ಬಂತಂತೆ. ತಣ್ಣೀರಿಗೆ ಹಿಟ್ಟು ಸುರಿದು ಕಲಸಿದ್ಲು, ಮುದ್ದೆ ತುಂಬಾ ಗಂಟು, ಕಚ್ಚಿದ್ರೆ ಒಳಗೆ ಹಸಿಹಿಟ್ಟು ಪುಸ್ ಅಂತ ಹಾರಿ ಎಲ್ಲರ ಮೂಗು ಬೂದಿಬಡುಕರ ಹಂಗಾಯ್ತಂತೆ. ಎರಡನೇ ಪಾಳಿ ಬಂತಂತೆ. ಈ ಸಲ ಉರಿ ಜಾಸ್ತಿ ಹಾಕಿ ತಳ ಹತ್ತಿಸಿ, ಊರೆಲ್ಲಾ ಸೀದ ವಾಸನೆ. ಯಾರಾದ್ರೂ ತೋರಿಸ್ಲಾ ಅಂದ್ರೆ, ನನಗೆ ಗೊತ್ತು ಅಂತ ಮುಖ ತಿರುಗಿಸ್ತಿದ್ಲಂತೆ. ಯಾರ ಹಂಗೆ ಅಂತ ನಾನು ಹೇಳಲ್ಲಪ್ಪ!

ಮೂರನೇ ಪಾಳಿ ನಾಳೆ ಅನ್ನೋವಾಗ ಹೊನ್ನಾಜಿ ಬೆರಳು ಮಡಚಿ ಲೆಕ್ಕ ಹಾಕಿದ್ಲಂತೆ. ಇದೂ ಕೆಟ್ರೆ ಓದೂ ಹೋಯ್ತು, ಕೆರೆನೂ ಹೋಯ್ತು, ಮೀಸೆರಾಜನೇ ಗತಿ. ಬಾವಿ ಹಿಂದೆ ಹೋಗಿ ಬಿಕ್ಕಿ ಬಿಕ್ಕಿ ಅತ್ಲಂತೆ. ಅಲ್ಲಿ ನೋಡಿದ್ರೆ ಇನ್ನೊಬ್ಬಳು ಕೂತು ಅಳ್ತಾ ಇದ್ಲಂತೆ, ಅವಳ ಜೊತೇಲೇ ಓದೋ ಕುಂಬಾರರ ಸಣ್ಣಮ್ಮ. ಯಾಕೆ ಅಳ್ತಿ ಅಂದ್ರೆ ಇವಳೂ ಹೇಳಲ್ಲ, ಅವಳೂ ಹೇಳಲ್ಲ. ಕೊನೆಗೆ ಹೊನ್ನಾಜಿ ಕಣ್ಮುಚ್ಕೊಂಡು, ಹುಟ್ಟಿದಾಗಿಂದ ಆಡದೇ ಇದ್ದ ಮಾತು ಆಡಿದ್ಲಂತೆ. ಸಣ್ಣಮ್ಮಾ, ನನಗೆ ಮುದ್ದೆ ಮಾಡೋಕೆ ಬರಲ್ಲ ಕಣೇ, ತೋರಿಸ್ಕೊಡ್ತೀಯಾ?

ಆಕಾಶ ಬೀಳಲಿಲ್ಲವಂತೆ. ಕಾಗೆ ಕೂಡ ತಿರುಗಿ ನೋಡಲಿಲ್ಲವಂತೆ. ಸಣ್ಣಮ್ಮ ಕಣ್ಣೊರೆಸ್ಕೊಂಡು ಕಿಸಕ್ಕನೆ ನಕ್ಕು, ಅಯ್ಯೋ ಅವ್ವಾ, ಅಷ್ಟೇನಾ, ನನಗೆ ಗುರುಗಳ ಲೆಕ್ಕ ಒಂದೂ ತಲೆಗೆ ಹತ್ತಲ್ಲ, ನೀನು ರಾಜನ ಮಗಳು, ಹೆಂಗೆ ಕೇಳೋದು ಅಂತ ಸುಮ್ಮನಿದ್ದೆ, ನಾನೂ ನಾಳೆ ಊರಿಗೆ ಹೋಗೋಳೇ ಅಂದ್ಲಂತೆ. ಇಬ್ಬರೂ ತಬ್ಕೊಂಡು ನಕ್ಕಿದ್ದೇ ನಕ್ಕಿದ್ದು.

ಆಮೇಲೆ ಕೂತ್ಕೊಂಡು ಇವಳು ಲೆಕ್ಕ ಬಿಡಿಸಿ ಹೇಳಿದ್ಲಂತೆ, ಅವಳು ಮುದ್ದೆ ಹೇಳಿದ್ಲಂತೆ. ಎಸರು ತಕತಕ ಕುದೀಬೇಕು ಹೊನ್ನಾಜಿ, ಹಿಟ್ಟು ಗುಡ್ಡೆಯಾಗಿ ಸುರಿದು ನಡುವೆ ಕೋಲಲ್ಲಿ ಒಂದು ತೂತು ಮಾಡು, ಆಮೇಲೆ ಮುಟ್ಟಲೇಬೇಡ, ಉರಿ ಸಣ್ಣ ಮಾಡಿ ಬೇಯೋಕೆ ಬಿಡು. ಬೆಂದ್ಮೇಲೆ ಪಾತ್ರೆ ಬಿಗಿಯಾಗಿ ಹಿಡ್ಕೊಂಡು, ಗಂಟೆಲ್ಲಾ ಒಡೆಯೋ ಹಂಗೆ ತಿರುವು. ನಿನ್ನ ಅವಸರವೇ ಗಂಟು ಕಣೇ ಅಂದ್ಲಂತೆ.

ಮಾರನೇ ದಿನ ಹೊನ್ನಾಜಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೆವರು ಸುರಿಸ್ಕೊಂಡು ತಿರುವಿದ್ದೇ ತಿರುವಿದ್ದು! ಒದ್ದೆ ಕೈಯಲ್ಲಿ ದುಂಡಗೆ ಕಟ್ಟಿ ಇಟ್ರೆ ಮುದ್ದೆ ಮಿರಿಮಿರಿ ಅಂತಿತ್ತಂತೆ. ಗುರುಗಳು ಮೊದಲ ತುತ್ತು ಮುರಿದು ಸಾರಲ್ಲಿ ಅದ್ದಿದ್ರು, ಎಲ್ಲರೂ ಭಯಕ್ಕೆ ಮೂಗು ಮುಚ್ಕೊಂಡ್ರು, ಗುರುಗಳು ಗುಳುಂ ಅಂತ ನುಂಗಿ, ಇನ್ನೊಂದು ಹಾಕಮ್ಮಾ ಅಂದ್ರಂತೆ. ಅಬ್ಬಬ್ಬಾ, ಏನು ಕೂಗು, ಏನು ಚಪ್ಪಾಳೆ! ಪಾತ್ರೆ ತಳ ಕೆರೆದು ತಿಂದ್ರಂತೆ.

ಅವತ್ತಿಂದ ಅವಳಿಗೆ ಬಾಯಿ ಬಂತು ನೋಡು. ಒಗೆಯೋದು ಕೇಳಿದ್ಲು, ಹರಿದದ್ದು ಹೊಲಿಯೋದು ಕೇಳಿದ್ಲು, ಪಾಠದಲ್ಲಿ ಕೈಯೆತ್ತಿ, ಗುರುಗಳೇ ತಿಳೀಲಿಲ್ಲ, ಇನ್ನೊಂದ್ಸಲ ಹೇಳಿ ಅಂದ್ಲು. ಹೊತ್ತಿಗೆ ಸರಿಯಾಗಿ ಉಂಡ್ಲು, ಮಲಗಿದ್ಲು. ಓದು ಮುಗಿಸಿ, ಸಣ್ಣಮ್ಮನ್ನೂ ಕರ್ಕೊಂಡು ಊರಿಗೆ ಬಂದು, ಮಣ್ಣು ತುಳಿಯೋರನ್ನ, ಕಲ್ಲು ಕಟ್ಟೋರನ್ನ ಕೇಳಿ ಕೇಳಿ ಇಬ್ಬರೂ ಏರಿ ಕಟ್ಟಿಸಿದ್ರಂತೆ. ಮಳೆ ಬಂತು, ಧೋ ಅಂತ ಸುರೀತು, ಕೆರೆ ತುಂಬಿ ಕೋಡಿ ಬಿತ್ತು, ಏರಿ ಒಂಚೂರೂ ಅಲ್ಲಾಡಲಿಲ್ಲ! ಊರಿಗೆ ಊರೇ ಏರಿ ಮೇಲೆ ನಿಂತು ಕುಣೀತಂತೆ. ಆಗ ರಾಜ ಕಿರೀಟ ತೆಗೆದು ಕಂಕುಳಲ್ಲಿಟ್ಕೊಂಡು ಮಗಳ ಹತ್ರ ಬಂದು, ಇದು ಹೆಂಗೆ ನಿಂತಿತು, ನನಗೆ ಗೊತ್ತಾಗ್ಲಿಲ್ಲ, ಹೇಳ್ಕೊಡಮ್ಮಾ ಅಂದ್ನಂತೆ. ಅಣ್ಣಂದಿರೂ ಬಂದು ಪಕ್ಕದಲ್ಲೇ ಕೂತ್ರಂತೆ. ಅವರು ಅಲ್ಲಿ ಮುದ್ದೆ ಉಂಡ್ಕೊಂಡು ಸುಖವಾಗಿದ್ರು, ನಾವು ಇಲ್ಲಿ ಹೊದ್ಕೊಂಡು ಬೆಚ್ಚಗಿದೀವಿ, ಅಲ್ಲಿಗೆ ಕತೆ ಮುಗೀತು.

ಪುಟ್ಟೀ? ಹ್ಞೂಂ ಅನ್ನಲ್ವಾ? ಮಲಗೇಬಿಟ್ಲು. ಮತ್ತೆ ಇಷ್ಟೊತ್ತೂ ಹ್ಞೂಂ ಅಂತಿದ್ದೋರು ಯಾರೇ? ಓಹೋ, ನೀನಾ, ಬಟ್ಟೆ ಜೋಡಿಸೋದು ಬಿಟ್ಟು ಇಲ್ಲಿ ಬಂದು ಕೂತಿದೀಯಾ. ಅಳಬೇಡ ನನ್ನ ಬಂಗಾರ. ಏನು, ಜೋರಾಗಿ ಹೇಳು. ಮುದ್ದೆ ಮಾಡೋಕೆ ಬರಲ್ವಾ? ತೋರಿಸ್ಕೊಡ್ಬೇಕಾ? ಅಯ್ಯೋ, ಗೆದ್ದೆ ಕಣೇ ನೀನು! ಏಳು, ಬೆಳಗಾಗೋತನಕ ಯಾಕೆ, ಈಗ್ಲೇ ಎಸರಿಡೋಣ ನಡಿ.